ಹಳೆಯ ಹಾಯಿದೋಣಿಯ ಸ್ವಿಚ್ ಪ್ಯಾನೆಲ್: ಉಜ್ಜಿ ಉಳಿಸುವುದೋ, ಕಿತ್ತು ಬದಲಿಸುವುದೋ?

ಕತ್ತಲಾದ ಮೇಲೆ ಕೂವೆಮರದ (ಹಾಯಿ ಕಟ್ಟುವ ಕಂಬದ) ತುದಿಯ ದೀಪದ ಸ್ವಿಚ್ ಹಾಕುವುದು, ಹತ್ತದಿದ್ದರೆ ಪ್ಯಾನೆಲ್ಲಿನ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟುವುದು, ಹತ್ತಿತೆಂದರೆ ಏನೂ ಆಗಿಲ್ಲವೆಂಬಂತೆ ಚುಕ್ಕಾಣಿಯ ಬಳಿಗೆ ಮರಳುವುದು. ನನ್ನ 26 ಅಡಿಯ ದೋಣಿಯಲ್ಲಿ ಎರಡು ವರ್ಷ ಹೀಗೆಯೇ ನಡೆಯಿತು. ಮೂರನೆಯ ವರ್ಷ ಕುಟ್ಟಿದರೂ ಹತ್ತದೆ ಹೋದಾಗ ನಾಲ್ಕು ಸ್ಕ್ರೂ ಬಿಚ್ಚಿ ಹಿಂಬದಿ ನೋಡಿದೆ. ಗಾಜಿನ ಫ್ಯೂಸುಗಳನ್ನು ಹಿಡಿದಿದ್ದ ಹಿತ್ತಾಳೆಯ ಕ್ಲಿಪ್ಪುಗಳಿಗೆಲ್ಲ ಹಸಿರು ಕಿಲುಬು. ಒಂದು ಕಡೆ ಸುಟ್ಟುಹೋದ ಫ್ಯೂಸಿಗೇ ಸಿಗರೇಟು ಪೊಟ್ಟಣದ ಬೆಳ್ಳಿಕಾಗದ ಸುತ್ತಿ ಹಿಂದಿನ ಮಾಲೀಕರು ಕೈ ತೊಳೆದುಕೊಂಡಿದ್ದರು. ಮುಂದೆ ಮಾತ್ರ ಕಪ್ಪು ಫಲಕ, ಬಿಳಿಯ ಅಕ್ಷರ, ಎಲ್ಲವೂ ಒಪ್ಪವಾಗಿತ್ತು. ಮೇಲೆ ಥಳಕು, ಒಳಗೆ ಹುಳುಕು ಎನ್ನುವುದಕ್ಕೆ ಇದಕ್ಕಿಂತ ಚಿತ್ರ ಬೇಕಿಲ್ಲ.

ಆಮೇಲೆ ಆ ಜಾಗಕ್ಕೆ ಒಂದಲ್ಲ, ಎರಡು ಪ್ಯಾನೆಲ್ ಬಂದವು. ಮೊದಲನೆಯದು ನಾನು ಮಾಡಿದ ತಪ್ಪು ಆಯ್ಕೆ. ಗೆಳೆಯರ ದೋಣಿಗಳಲ್ಲೂ ಒಂದೆರಡು ಕೂರಿಸಿಕೊಟ್ಟಿದ್ದೇನೆ. ಈಗ ಯಾರಾದರೂ ಕೇಳಿದರೆ ಮೊದಲು ಹೇಳುವುದು ಇಷ್ಟು: ಮುಂಭಾಗದ ಚಿತ್ರ ನೋಡಿ ಆರಿಸಬೇಡಿ, ಹಿಂಭಾಗದ ಚಿತ್ರ ಕೇಳಿ. ಹಿಂಭಾಗದ ಚಿತ್ರವನ್ನೇ ಕೊಡದ ಪ್ಯಾನೆಲ್ಲನ್ನು ಪಟ್ಟಿಯಿಂದ ಹೊಡೆದುಹಾಕಿ.

ಇಲ್ಲಿ ಹೇಳುವುದೆಲ್ಲ 12 ವೋಲ್ಟಿನ ಬ್ಯಾಟರಿ ವಿದ್ಯುತ್ತಿನ ಬಗ್ಗೆ. ದಡದಿಂದ ಮನೆಯ ವಿದ್ಯುತ್ತನ್ನು ದೋಣಿಗೆ ಎಳೆದುಕೊಂಡಿದ್ದರೆ ಅದರ ಪ್ಯಾನೆಲ್ ಬೇರೆಯೇ ಇರಬೇಕು, ಅದನ್ನು ಬಲ್ಲವರೇ ಮುಟ್ಟಬೇಕು. ಎರಡನ್ನೂ ಒಂದೇ ಮುಚ್ಚಳದ ಹಿಂದೆ ಬೆತ್ತಲಾಗಿ ಸೇರಿಸಿಟ್ಟಿದ್ದರೆ ಬೇರೆಲ್ಲ ಕೆಲಸ ಬಿಟ್ಟು ಮೊದಲು ಅದನ್ನು ಬೇರ್ಪಡಿಸಿ.

ಜ್ವರ ಎತ್ತಿಗೋ ಎಮ್ಮೆಗೋ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಪ್ಯಾನೆಲ್ ಬದಲಿಸಿದವರಲ್ಲಿ ಎಷ್ಟೋ ಮಂದಿ ಮಾಡುವುದು ಇದನ್ನೇ. ದೋಷ ಕೂವೆಮರದ ಬುಡದ ಜೋಡಣೆಯಲ್ಲಿರುತ್ತದೆ, ಹಣ ಹೊಸ ಪ್ಯಾನೆಲ್ಲಿಗೆ ಹೋಗುತ್ತದೆ, ದೀಪ ಮಾತ್ರ ಮೊದಲಿನಷ್ಟೇ ಮಂಕು.

ಒಂದು ಮಲ್ಟಿಮೀಟರ್ ಮತ್ತು ಅರ್ಧ ಗಂಟೆ ಸಾಕು. ಆದರೆ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಎಲ್ಲವನ್ನೂ ಆರಿಸಿ ಅಳೆದರೆ ಕಿಲುಬು ಹಿಡಿದ ತಂತಿಯೂ ಪೂರ್ತಿ ವೋಲ್ಟೇಜ್ ತೋರಿಸಿ ಮೋಸ ಮಾಡುತ್ತದೆ. ವಿದ್ಯುತ್ ಹರಿದಾಗಲೇ ಕುಸಿತ ಕಾಣುವುದು. ನನ್ನ ದೋಣಿಯಲ್ಲಿ ಕೊನೆಗೊಮ್ಮೆ ದೀಪ ಹತ್ತಿಸಿಕೊಂಡು ಅಳೆದಾಗ ಬ್ಯಾಟರಿಯ ಮೇಲೆ 12.5 ವೋಲ್ಟ್, ಪ್ಯಾನೆಲ್ಲಿಗೆ ಬರುವ ತಂತಿಯಲ್ಲಿ 12.3, ಫ್ಯೂಸ್ ದಾಟಿದ ಮೇಲೆ 11.6, ದೀಪದ ಬಳಿ 10.8 ಇತ್ತು. ಅಂದರೆ ಕಿಲುಬು ಹಿಡಿದ ಕ್ಲಿಪ್ಪು 0.7 ವೋಲ್ಟ್ ನುಂಗಿದರೆ ಕೂವೆಮರದೊಳಗಿನ ತಂತಿ 0.8 ನುಂಗುತ್ತಿತ್ತು. ಜ್ವರ ಎತ್ತಿಗೂ ಇತ್ತು, ಎಮ್ಮೆಗೂ ಇತ್ತು.

ಆ 0.7 ವೋಲ್ಟನ್ನು ಸಣ್ಣದೆಂದುಕೊಳ್ಳಬೇಡಿ. 25 ವಾಟ್‌ನ ಹಳೆಯ ಬಲ್ಬು ಎಳೆಯುತ್ತಿದ್ದದ್ದು ಸುಮಾರು 2 ಆಂಪಿಯರ್. ಅಂಥದೇ ಕ್ಲಿಪ್ಪಿನಲ್ಲಿ 4 ಆಂಪಿಯರ್ ಎಳೆಯುವ ಪಂಪ್ ಇದ್ದಿದ್ದರೆ ಕುಸಿತ 1.4 ವೋಲ್ಟ್ ಆಗುತ್ತಿತ್ತು, ಐದು ವಾಟಿಗೂ ಮಿಕ್ಕಿದ ಶಾಖ ಉಗುರಿನಷ್ಟು ಅಗಲದ ಹಿತ್ತಾಳೆಯಲ್ಲೇ ಹುಟ್ಟುತ್ತಿತ್ತು. ಹಳೆಯ ಪ್ಯಾನೆಲ್ಲುಗಳಲ್ಲಿ ಫ್ಯೂಸಿನ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಬಾಗಿರುವುದು ಇದರಿಂದಲೇ. ಫ್ಯೂಸ್ ಮಾತ್ರ ಹಾಯಾಗಿ ಕುಳಿತಿರುತ್ತದೆ, ಏಕೆಂದರೆ ಅದರ ಪಾಲಿಗೆ ಹರಿಯುತ್ತಿರುವ ವಿದ್ಯುತ್ ಹೆಚ್ಚೇನೂ ಅಲ್ಲ.

ಇನ್ನು ತಂತಿ. ತಾಮ್ರದ ತಂತಿಯ ರೋಧ ಲೆಕ್ಕ ಹಾಕುವುದು ಸುಲಭ: ಹೋಗುವ ಮತ್ತು ಬರುವ ಉದ್ದವನ್ನು ಮೀಟರಿನಲ್ಲಿ ಕೂಡಿಸಿ, 0.0175ರಿಂದ ಗುಣಿಸಿ, ತಂತಿಯ ಅಡ್ಡಕೊಯ್ತದ ಚದರ ಮಿಲಿಮೀಟರಿನಿಂದ ಭಾಗಿಸಿ. ನನ್ನ ಪ್ಯಾನೆಲ್ಲಿನಿಂದ ಕೂವೆಮರದ ತುದಿಗೆ 12 ಮೀಟರ್, ಹೋಗಿಬರುವುದು 24. ಒಳಗಿದ್ದದ್ದು 1 ಚದರ ಮಿಲಿಮೀಟರಿನ ತಂತಿ, ರೋಧ 0.42 ಓಮ್. 2 ಆಂಪಿಯರಿಗೆ 0.84 ವೋಲ್ಟ್, ಮೀಟರ್ ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ. ಅಮೆರಿಕದ ದೋಣಿ ಮಾನಕ ಸಂಸ್ಥೆ ಎಬಿವೈಸಿ ಸಂಚಾರ ದೀಪಗಳಿಗೆ (ರಾತ್ರಿ ಸಾಗುವಾಗ ಬೇರೆ ದೋಣಿಯವರಿಗೆ ಕಾಣಲೆಂದು ಹತ್ತಿಸುವವು), ಪ್ಯಾನೆಲ್ಲಿಗೆ ಬರುವ ಮುಖ್ಯ ತಂತಿಗೆ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳಿಗೆ ಒಪ್ಪುವ ಕುಸಿತ 3 ಪ್ರತಿಶತ, ಅಂದರೆ 12 ವೋಲ್ಟಿಗೆ 0.36. ಕ್ಯಾಬಿನ್ ದೀಪದಂಥವುಗಳಿಗೆ 10 ಪ್ರತಿಶತದವರೆಗೂ ನಡೆಯುತ್ತದೆ. ಹಳೆಯ ಬಲ್ಬನ್ನೇ ಉಳಿಸಿಕೊಳ್ಳಬೇಕಿದ್ದರೆ ನಾನು 2.5 ಚದರ ಮಿಲಿಮೀಟರಿನ ತಂತಿ ಎಳೆಯಬೇಕಿತ್ತು. ಅದರ ಬದಲು ಎಲ್‌ಇಡಿ ದೀಪ ಹಾಕಿದೆ. ಅದು ಎಳೆಯುವುದು 0.2 ಆಂಪಿಯರ್, ಅದೇ ತೆಳು ತಂತಿಯಲ್ಲಿ ಕುಸಿತ ಈಗ 0.1 ವೋಲ್ಟಿಗೂ ಕಡಿಮೆ.

ಎಲ್‌ಇಡಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಹಳೆಯ ದೀಪದ ಗೂಡಿಗೆ ಸಿಕ್ಕ ಎಲ್‌ಇಡಿ ಬಲ್ಬು ತುರುಕಿದರೆ ಹಸಿರು ಗಾಜಿನ ಬಣ್ಣ ಬೇರೆಯಾಗಿ ಕಾಣಬಹುದು. ಪ್ರಮಾಣಪತ್ರ ಸಿಗುವುದು ಬಲ್ಬು ಮತ್ತು ಗಾಜು ಕೂಡಿದ ಇಡೀ ದೀಪಕ್ಕೆ. ಕೆಲವು ಎಲ್‌ಇಡಿಗಳು ವಿಎಚ್‌ಎಫ್ ರೇಡಿಯೋದಲ್ಲಿ (ದಡದವರೊಡನೆ, ಬೇರೆ ದೋಣಿಯವರೊಡನೆ ಮಾತಾಡುವ ಸಾಧನ) ಗದ್ದಲವನ್ನೂ ಎಬ್ಬಿಸುತ್ತವೆ. ಅಮೆರಿಕದ ಕರಾವಳಿ ರಕ್ಷಣಾ ಪಡೆ 2018ರಲ್ಲಿ ಇದರ ಬಗ್ಗೆಯೇ ಸುರಕ್ಷಾ ಎಚ್ಚರಿಕೆ ಹೊರಡಿಸಿತ್ತು. ರೇಡಿಯೋ ಹಾಕಿಕೊಂಡು ದೀಪಗಳನ್ನು ಒಂದೊಂದಾಗಿ ಹತ್ತಿಸಿ ಕೇಳಿದರೆ ಕಳ್ಳ ಯಾರೆಂದು ಗೊತ್ತಾಗುತ್ತದೆ. ಹೀಗೆ ಹಿಡಿಯಬೇಕಾದರೆ ಪ್ರತಿ ದೀಪಕ್ಕೂ ಬೇರೆ ಸ್ವಿಚ್ ಇರಬೇಕೆಂಬುದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಕೊಳ್ಳುವ ಮೊದಲು ಒಂದು ಪಟ್ಟಿ

ಆರು ಸ್ವಿಚ್ಚಿನದೋ ಹನ್ನೆರಡರದೋ ಎಂಬ ಚರ್ಚೆಗೆ ಮುನ್ನ ದೋಣಿಯಲ್ಲಿ ವಿದ್ಯುತ್ ತಿನ್ನುವ ಪ್ರತಿಯೊಂದನ್ನೂ ಹಾಳೆಯ ಮೇಲೆ ಬರೆಯಿರಿ. ನನ್ನ ಹಾಳೆ ಹೀಗಿತ್ತು. ವಿಎಚ್‌ಎಫ್ ರೇಡಿಯೋ ಸುಮ್ಮನೆ ಕೇಳುವಾಗ ಅರ್ಧ ಆಂಪಿಯರ್, 25 ವಾಟಿನಲ್ಲಿ ಮಾತಾಡುವಾಗ 5ರಿಂದ 6. ಚಾರ್ಟ್‌ಪ್ಲಾಟರ್ (ಸಮುದ್ರದ ನಕ್ಷೆ ತೋರಿಸುವ ಪರದೆ) ಒಂದೂವರೆ. ಚುಕ್ಕಾಣಿಗೆ ಕಟ್ಟುವ ಆಟೋಪೈಲಟ್ ದುಡಿಯುವಾಗ 3. ಕುಡಿಯುವ ನೀರಿನ ಪಂಪ್ 6. ಕ್ಯಾಬಿನ್ ದೀಪಗಳೆಲ್ಲ ಸೇರಿ 1, ಸಂಚಾರ ದೀಪಗಳು ಅರ್ಧ, ಮೊಬೈಲ್ ಚಾರ್ಜಿಂಗಿಗೆ 4, ಗಾಳಿ ಮತ್ತು ಆಳ ಅಳೆಯುವ ಉಪಕರಣಗಳಿಗೆ ಅರ್ಧಕ್ಕೂ ಕಡಿಮೆ. ಎಲ್ಲವೂ ಒಟ್ಟಿಗೆ ಓಡಿದರೂ 22-23 ಆಂಪಿಯರ್ ದಾಟದು. ಫ್ರಿಜ್ ಇರುವವರು ಇನ್ನು ಐದು ಸೇರಿಸಿಕೊಳ್ಳಿ.

ಈ ಹಾಳೆ ಎರಡು ಸಂಗತಿ ಹೇಳಿತು. ಒಂದು, ನನಗೆ ಬೇಕಾದದ್ದು ಎಂಟು ಸ್ವಿಚ್ಚು, ಮುಂದಕ್ಕೆ ಖಾಲಿಯಾಗಿ ಎರಡು. ಇನ್ನೊಂದು, ಯಾವ ಒಂದು ಸ್ವಿಚ್ಚಿನಲ್ಲೂ 6 ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. 'ಪ್ರತಿ ಸ್ವಿಚ್ಚಿಗೆ 20 ಆಂಪಿಯರ್' ಎಂಬ ದಪ್ಪ ಅಕ್ಷರದ ಜಾಹೀರಾತು ನಮ್ಮಂಥವರಿಗೆ ಯಾವ ಪ್ರಯೋಜನಕ್ಕೂ ಇಲ್ಲ.

ಹಳೆಯದನ್ನೇ ಉಜ್ಜಿ ಉಳಿಸುವುದು

ಐದಾರು ಸ್ವಿಚ್ಚಿನ ಪ್ಯಾನೆಲ್, ಸ್ವಿಚ್ಚುಗಳು ಇನ್ನೂ ಟಕ್ಕೆಂದು ಬೀಳುತ್ತಿವೆ, ಹಗಲು ಹೊತ್ತಿನ ಓಡಾಟವೇ ಹೆಚ್ಚು ಎಂದಾದರೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮರಳುಕಾಗದದಿಂದ ಕ್ಲಿಪ್ಪು ಉಜ್ಜಿದ ಹೊಳಪು ಒಂದು ಋತು ಬಾಳಿದರೆ ಹೆಚ್ಚು. ಕಿಲುಬಿನ ಜೊತೆ ಹಿತ್ತಾಳೆಯ ಬಿಗಿಯೂ ಹೋಗಿರುತ್ತದೆ, ಫ್ಯೂಸನ್ನು ಅದು ಅಪ್ಪಿ ಹಿಡಿಯುವುದಿಲ್ಲ. ಉಳಿಸುವುದಾದರೆ ಸ್ವಿಚ್ಚುಗಳನ್ನು ಉಳಿಸಿ, ಗಾಜಿನ ಫ್ಯೂಸಿನ ಕ್ಲಿಪ್ಪುಗಳನ್ನು ಪೂರ್ತಿ ಕಿತ್ತುಹಾಕಿ, ಹಿಂದೆ ಪ್ರತ್ಯೇಕ ಬ್ಲೇಡ್ ಫ್ಯೂಸ್ ಬ್ಲಾಕ್ ಕೂರಿಸಿ. ಅದರ ವಿವರ ಮುಂದೆ ಬರುತ್ತದೆ.

ಸಿದ್ಧವಾಗಿ ಬರುವ ಆರು ಸ್ವಿಚ್ಚಿನ ಪ್ಯಾನೆಲ್

ನಾನು ತಪ್ಪಿದ್ದು ಇಲ್ಲೇ. ಆರು ರಾಕರ್ ಸ್ವಿಚ್ಚು, ಪ್ರತಿಯೊಂದರ ಕೆಳಗೆ ಒತ್ತುವ ಪುಟ್ಟ ಬ್ರೇಕರ್, ಪಕ್ಕದಲ್ಲಿ ಮೊಬೈಲ್ ಚಾರ್ಜರ್, ವೋಲ್ಟ್‌ಮೀಟರ್, ಅಂಟಿಸಲು ಒಂದು ಹಾಳೆ ತುಂಬ ಚೀಟಿಗಳು. ಎರಡು ತಂತಿ ಕೊಟ್ಟರೆ ಕೆಲಸ ಮುಗಿಯಿತು ಎಂಬ ಆಸೆಗೆ ಕೊಂಡೆ. ತಿರುಗಿಸಿ ನೋಡಿದಾಗ ಆರೂ ಸ್ವಿಚ್ಚಿಗೆ ವಿದ್ಯುತ್ತು ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಹಾರುವ ತೆಳುವಾದ ತುಂಡು ತಂತಿಗಳಲ್ಲಿ ಹೋಗುತ್ತಿತ್ತು. ಮೊದಲ ತುಂಡಿನಲ್ಲಿ ಹರಿಯುವುದು ಒಂದು ಸ್ವಿಚ್ಚಿನ ವಿದ್ಯುತ್ತಲ್ಲ, ಆರರದೂ. ಮುಂದೆ 20 ಎಂದು ಬರೆದಿದ್ದರೂ ಹಿಂದಿನ ಆ ತುಂಡು ಇಡೀ ಪ್ಯಾನೆಲ್ಲಿಗೆ ಅಷ್ಟನ್ನು ಕೊಡಲಾರದು. ತಂತಿ ಸಿಕ್ಕಿಸುವಾಗ ಒಂದು ಲಗ್ಗು, ಅಂದರೆ ತಂತಿ ಕೂರುವ ಲೋಹದ ತುದಿ, ಕೈಗೇ ಕಳಚಿ ಬಂತು.

ಅದರ ನೀಲಿ ಸೂಚಕ ದೀಪಗಳಂತೂ ರಾತ್ರಿಯಲ್ಲಿ ಕಣ್ಣಿಗೆ ಮುಳ್ಳು. ಕತ್ತಲಿಗೆ ಹೊಂದಿಕೊಂಡ ಕಣ್ಣು ಒಮ್ಮೆ ಅತ್ತ ಹೊರಳಿದರೆ ಮತ್ತೆ ಹೊರಗಿನ ಅಲೆ ಕಾಣಲು ಬಹಳ ಹೊತ್ತು ಬೇಕು. ಕೊನೆಗೆ ಆರೂ ದೀಪಗಳಿಗೆ ಕೆಂಪು ಉಗುರು ಬಣ್ಣವನ್ನು ಎರಡು ಪದರ ಹಚ್ಚಿದೆ. ಆ ಪ್ಯಾನೆಲ್ಲಿನಲ್ಲಿ ನನಗೆ ತೃಪ್ತಿ ಕೊಟ್ಟ ಕೆಲಸ ಅದೊಂದೇ.

ಎಲ್ಲ ಸಿದ್ಧ ಪ್ಯಾನೆಲ್ಲುಗಳೂ ಹೀಗಲ್ಲ. ಬ್ಲೂ ಸೀ, ಬಿಇಪಿ, ಪೇನೆಲ್‌ಟ್ರಾನಿಕ್ಸ್‌ನಂಥ ದೋಣಿ ಉಪಕರಣ ತಯಾರಕರ ಪ್ಯಾನೆಲ್ಲುಗಳೂ ಉಂಟು. ಯಾರದೇ ಆಗಲಿ, ಹಿಂಭಾಗದಲ್ಲಿ ನೋಡಬೇಕಾದದ್ದು ಇಷ್ಟು: ವಿದ್ಯುತ್ ಹಂಚಲು ತುಂಡು ತಂತಿಯ ಬದಲು ಗಟ್ಟಿ ತಾಮ್ರದ ಅಥವಾ ಹಿತ್ತಾಳೆಯ ಪಟ್ಟಿ ಇದೆಯೇ, ತಂತಿಗಳನ್ನು ಸ್ಕ್ರೂ ಹಾಕಿ ಬಿಗಿಯಬಹುದೇ, ಪ್ಯಾನೆಲ್ ಒಟ್ಟಾರೆ ಎಷ್ಟು ಆಂಪಿಯರ್ ತಡೆಯುತ್ತದೆಂದು ಬರೆದಿದ್ದಾರೆಯೇ. ಮೂರಕ್ಕೂ ಉತ್ತರ ಹೌದು ಎಂದಾದರೆ, ತೆರೆದ ಸಣ್ಣ ದೋಣಿಗೆ, ನಾಲ್ಕಾರು ಸಲಕರಣೆ ಇರುವವರಿಗೆ, ಇಂಥ ಪ್ಯಾನೆಲ್ ಧಾರಾಳವಾಗಿ ಸಾಕು.

ಬ್ರೇಕರ್ ಪ್ಯಾನೆಲ್

ಸ್ವಿಚ್ಚೂ ಅದೇ, ರಕ್ಷಣೆಯೂ ಅದೇ. ವಿದ್ಯುತ್ ಮಿತಿ ಮೀರಿದರೆ ತಾನೇ ಬೀಳುತ್ತದೆ, ಕಾರಣ ಹುಡುಕಿ ಸರಿಮಾಡಿ ಮತ್ತೆ ಎತ್ತಿದರೆ ಆಯಿತು. ಅಲೆಯ ನಡುವೆ ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಬಿಡಿ ಫ್ಯೂಸಿಗಾಗಿ ತಡಕಾಡಿದವರಿಗೆ ಇದರ ಬೆಲೆ ಗೊತ್ತು. ಹಿಂಭಾಗದಲ್ಲಿ ಗಟ್ಟಿ ಪಟ್ಟಿ, ಸ್ಕ್ರೂ ಬಿಗಿಯುವ ಲಗ್ಗು, ಎಲ್ಲವೂ ನೇರ. ದೂರದ ಪಯಣದ ದೋಣಿಗಳಲ್ಲಿ ಇದನ್ನೇ ಹೆಚ್ಚು ಕಾಣುತ್ತೀರಿ, ಸುಮ್ಮನೆ ಅಲ್ಲ.

ಬ್ರೇಕರಿನಲ್ಲೂ ಜಾತಿಗಳಿವೆ. ಶಾಖದಿಂದ ಬೀಳುವ ಅಗ್ಗದವು ಒಂದು ಬಗೆ. ಬಿಸಿಲಿಗೆ ಕ್ಯಾಬಿನ್ ಕಾದರೆ ಅವು ಬರೆದ ಮಿತಿಗಿಂತ ಮೊದಲೇ ಬೀಳುತ್ತವೆ. ಕಾಂತ ಸುರುಳಿ ಮತ್ತು ಎಣ್ಣೆಯ ನೆರವಿನಿಂದ ದುಡಿಯುವವು ಇನ್ನೊಂದು ಬಗೆ; ಹೊರಗಿನ ಶಾಖಕ್ಕೆ ಅವು ಅಷ್ಟಾಗಿ ಜಗ್ಗುವುದಿಲ್ಲ. ಬ್ರೇಕರನ್ನೇ ದಿನವೂ ಸ್ವಿಚ್ಚಿನಂತೆ ಬಳಸುವುದಾದರೆ ಎರಡನೆಯ ಬಗೆಯೇ ಬೇಕು. ಒತ್ತಿ ಎತ್ತುವ ಗುಂಡಿ ಬ್ರೇಕರುಗಳು ಆನ್ ಆಫ್ ಮಾಡಲಿಕ್ಕಲ್ಲ.

ಇಷ್ಟು ಹೊಗಳಿದ ಮೇಲೂ ಸಣ್ಣ ದೋಣಿಗೆ ಇದನ್ನೇ ಹಾಕಿ ಎಂದು ನಾನು ಹೇಳುವುದಿಲ್ಲ. ಪ್ಯಾನೆಲ್ಲಿನೊಂದಿಗೆ ಬರುವ ಬ್ರೇಕರುಗಳು ಸಾಮಾನ್ಯವಾಗಿ 5, 10, 15 ಆಂಪಿಯರಿನವು. 0.2 ಆಂಪಿಯರಿನ ಆಳಮಾಪಕಕ್ಕೆ ಅದರ ತಯಾರಕರು 1 ಅಥವಾ 2 ಆಂಪಿಯರ್ ಫ್ಯೂಸ್ ಹೇಳಿರುತ್ತಾರೆ. ಕೂದಲೆಳೆಯಂಥ ಅದರ ತಂತಿಯನ್ನು 15ರ ಬ್ರೇಕರ್ ಕಾಪಾಡುವುದಿಲ್ಲ. ತಂತಿ ಕೆಂಪಗೆ ಕಾದರೂ ಬ್ರೇಕರ್ ನಿದ್ರೆಯಲ್ಲಿರುತ್ತದೆ. ಹಾಗಾಗಿ ಬ್ರೇಕರ್ ಇದ್ದರೂ ಇಂಥವಕ್ಕೆ ಬೇರೆ ಫ್ಯೂಸ್ ಹಾಕಲೇಬೇಕು. ಜೊತೆಗೆ ಪ್ಯಾನೆಲ್ಲಿನ ಹಿಂದೆ ಆಳ ಬೇಕು. ಪುಟ್ಟ ದೋಣಿಯ ಗೋಡೆಯ ಹಿಂದೆ ಒಂದು ಗೇಣು ಜಾಗ ಸಿಗದೆ ಕೊಂಡ ಪ್ಯಾನೆಲ್ಲನ್ನು ಹಿಂದಿರುಗಿಸಿದವರನ್ನು ಬಲ್ಲೆ. ಅಳೆಯುವಾಗ ಬ್ರೇಕರಿನ ಆಳವಷ್ಟೇ ಅಲ್ಲ, ಲಗ್ಗು ಮತ್ತು ತಂತಿ ಬಾಗುವ ಜಾಗವನ್ನೂ ಸೇರಿಸಿ.

ಸ್ವಿಚ್ ಮುಂದೆ, ಫ್ಯೂಸ್ ಹಿಂದೆ

ಕೊನೆಗೆ ನಾನು ಮಾಡಿದ್ದು ಇದು. ಮುಂದೆ ಒಂದು ಹಲಗೆ, ಅದರಲ್ಲಿ ನೀರು ಇಳಿಯದಂತೆ ಮುಚ್ಚಿದ ರಾಕರ್ ಸ್ವಿಚ್ಚುಗಳು. ಫ್ಯೂಸುಗಳೆಲ್ಲ ಪಕ್ಕದ ಕಪಾಟಿನೊಳಗೆ, ಮುಚ್ಚಳವಿರುವ ಒಂದೇ ಬ್ಲಾಕಿನಲ್ಲಿ. ವಾಹನಗಳಲ್ಲಿ ಬಳಸುವ ಬಣ್ಣದ ಬ್ಲೇಡ್ ಫ್ಯೂಸುಗಳೇ. ಅವು ಎಲ್ಲಿ ಬೇಕಾದರೂ ಸಿಗುತ್ತವೆ. ಚಪ್ಪಟೆಯಾದ ಎರಡು ಕಾಲುಗಳು ಬಿಗಿಯಾಗಿ ಕೂರುವುದರಿಂದ ಗಾಜಿನ ಫ್ಯೂಸಿನ ಕಾಟ ಇಲ್ಲ. 1, 2, 3 ಆಂಪಿಯರಿನವೂ ಸಿಗುವುದರಿಂದ ಪ್ರತಿ ಸಲಕರಣೆಗೂ ಅದರ ಅಳತೆಯದೇ ಹಾಕಬಹುದು. ಬಣ್ಣ ನೋಡಿಯೇ ಅಳತೆ ಹೇಳಬಹುದು: ನೇರಳೆ 3, ನಸುಕಂದು 5, ಕಂದು 7.5, ಕೆಂಪು 10, ನೀಲಿ 15, ಹಳದಿ 20. ರೇಡಿಯೋದ ಜಾಗದಲ್ಲಿ ಹಳದಿ ಕಂಡರೆ ಯಾರೋ ಅವಸರದಲ್ಲಿ ಸಿಕ್ಕಿದ್ದನ್ನು ಸಿಕ್ಕಿಸಿದ್ದಾರೆಂದು ದೂರದಿಂದಲೇ ತಿಳಿಯುತ್ತದೆ.

ಫ್ಯೂಸಿನ ಅಳತೆ ಆರಿಸುವಾಗ ಒಂದು ತಪ್ಪು ತಿಳಿವಳಿಕೆ ಎಲ್ಲರಲ್ಲೂ ಇದೆ. 10 ಆಂಪಿಯರ್ ಫ್ಯೂಸ್ 10 ದಾಟಿದ ಕೂಡಲೇ ಹೋಗುತ್ತದೆಂದು ಅಂದುಕೊಳ್ಳುತ್ತೇವೆ. ಹಾಗಿಲ್ಲ. 13.5 ಆಂಪಿಯರ್ ಹರಿದರೂ ಅದು ಹತ್ತು ನಿಮಿಷದವರೆಗೆ ತಡೆಯಬಹುದು. 20 ಹರಿದರೆ ಐದು ಸೆಕೆಂಡಿನೊಳಗೆ ಹೋಗುತ್ತದೆ. ಫ್ಯೂಸ್ ಇರುವುದು ಮೊದಲಾಗಿ ತಂತಿಯನ್ನು ಕಾಯಲು. ಆದ್ದರಿಂದ ಆ ಹತ್ತು ನಿಮಿಷ ಬಿಸಿಯಾಗದೆ ತಾಳುವಷ್ಟು ದಪ್ಪ ತಂತಿಗಿರಬೇಕು.

ಇನ್ನೊಂದು ಲಾಭ, ಸ್ವಿಚ್ ಕೆಟ್ಟರೆ ಸ್ವಿಚ್ಚನ್ನಷ್ಟೇ ಬದಲಿಸಬಹುದು. ಕಾಂಟ್ಯೂರಾ ಎಂಬ ಮಾದರಿಯ ರಾಕರ್ ಸ್ವಿಚ್ಚುಗಳಿಗೆ ಬೇಕಾದ ರಂಧ್ರ ಸುಮಾರು 21 ಮಿಲಿಮೀಟರ್ ಅಗಲ, 37 ಮಿಲಿಮೀಟರ್ ಎತ್ತರ. ಆ ಅಳತೆಯನ್ನೇ ಹಲವು ತಯಾರಕರು ಪಾಲಿಸುವುದರಿಂದ ಮುಂದೆ ಬಿಡಿಭಾಗಕ್ಕೆ ಅಲೆಯಬೇಕಾಗಿಲ್ಲ. ಹಲಗೆಯೂ ನಿಮ್ಮಿಷ್ಟದ್ದು: ಹಳೆಯ ಪ್ಯಾನೆಲ್ಲಿನ ರಂಧ್ರ ದೊಡ್ಡದಿದ್ದರೆ ಅದನ್ನು ಮುಚ್ಚುವಷ್ಟು ಅಗಲದ ಹಲಗೆ ಕತ್ತರಿಸಿಕೊಳ್ಳಬಹುದು. ಸಿದ್ಧ ಪ್ಯಾನೆಲ್ಲುಗಳ ದೊಡ್ಡ ಕಿರಿಕಿರಿಯೇ ಹಳೆಯ ರಂಧ್ರಕ್ಕೆ ಅವು ಹೊಂದದಿರುವುದು.

ದೋಷವೂ ಇದೆ. ತಂತಿ ಕೆಲಸ ದುಪ್ಪಟ್ಟು. ಬ್ಯಾಟರಿಯಿಂದ ಫ್ಯೂಸ್ ಬ್ಲಾಕಿಗೆ, ಅಲ್ಲಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಸಲಕರಣೆಗೆ. ಹತ್ತು ಸ್ವಿಚ್ಚಿಗೆ ನಲವತ್ತಕ್ಕೂ ಹೆಚ್ಚು ಲಗ್ಗು ಒತ್ತಬೇಕು. ಸೂಚಕ ದೀಪ ಇರುವ ಸ್ವಿಚ್ಚಾದರೆ ಅದಕ್ಕೊಂದು ನೆಗೆಟಿವ್ ತಂತಿ ಬೇರೆ. ನನಗೆ ಎರಡು ದಿನ ಎಂದುಕೊಂಡಿದ್ದು ಐದು ದಿನ ಹಿಡಿಯಿತು. ಬೆರಳ ತುದಿ ನೋಯುತ್ತಿದ್ದುದು ಮಾತ್ರ ಇನ್ನೂ ನೆನಪಿದೆ.

ಮೊಬೈಲ್ ಪರದೆಯಿಂದ ಆಡಿಸುವವು

ಸ್ವಿಚ್ಚೇ ಇಲ್ಲದೆ, ಒಂದು ಜಾಲದ ಮೂಲಕ ಪರದೆಯ ಮೇಲೆ ಬೆರಳಿಟ್ಟು ದೀಪ ಹತ್ತಿಸುವ ವ್ಯವಸ್ಥೆಗಳಿವೆ. ಸೀಝೋನ್ ಅವುಗಳಲ್ಲೊಂದು. ಐವತ್ತು ಅಡಿಯ ದೋಣಿಯಲ್ಲಿ ಇದರಿಂದ ಮಣಗಟ್ಟಲೆ ತಾಮ್ರ ಉಳಿಯುತ್ತದೆ. ಇಪ್ಪತ್ತಾರು ಅಡಿಯದರಲ್ಲಿ ಪ್ಯಾನೆಲ್ಲಿಗೂ ದೀಪಕ್ಕೂ ನಡುವೆ ಇರುವುದೇ ನಾಲ್ಕು ಹೆಜ್ಜೆ. ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ, ಜಾಲ ಕೆಟ್ಟರೆ ಎಲ್ಲವೂ ಒಟ್ಟಿಗೆ ಕೆಡುತ್ತದೆ. ಕೈಯಿಂದಲೇ ಆನ್ ಮಾಡುವ ದಾರಿಯೂ ಉಳಿದಿರುವ ಮಾದರಿಯಾದರೆ ಮಾತ್ರ ಯೋಚಿಸಬಹುದು. ನನಗಂತೂ ಇದು ಬೆಟ್ಟ ಅಗೆದು ಇಲಿ ಹಿಡಿದಂತೆ ಕಾಣುತ್ತದೆ.

ಯಾವ ಪ್ಯಾನೆಲ್ ಆದರೂ ತಪ್ಪದ ಕೆಲಸಗಳು

ಬಿಲ್ಜ್ ಪಂಪಿನಿಂದ ಶುರುಮಾಡೋಣ. ದೋಣಿಯ ತಳದಲ್ಲಿ ನೀರು ಏರಿದಾಗ ತಾನೇ ಓಡುವ ಪಂಪನ್ನು ಪ್ಯಾನೆಲ್ಲಿನ ಮುಖ್ಯ ಸ್ವಿಚ್ಚಿನ ಹಿಂದೆ ಕಟ್ಟಬಾರದು. ನೀವು ಎಲ್ಲವನ್ನೂ ಆರಿಸಿ ಮನೆಗೆ ಹೋದ ಮೇಲೆ ತಾನೇ ಅದರ ಅಗತ್ಯ? ತೇಲುವ ಸ್ವಿಚ್ಚಿನ ಮೂಲಕ, ತನ್ನದೇ ಫ್ಯೂಸಿನೊಡನೆ, ಅದು ನೇರ ಬ್ಯಾಟರಿಯಿಂದಲೇ ವಿದ್ಯುತ್ ಪಡೆಯಬೇಕು. ಪ್ಯಾನೆಲ್ಲಿನಲ್ಲಿ ಇರಬೇಕಾದದ್ದು ಕೈಯಿಂದ ಓಡಿಸುವ ಸ್ವಿಚ್ ಮತ್ತು ಪಂಪ್ ಓಡುತ್ತಿದೆ ಎಂದು ತೋರಿಸುವ ದೀಪ. ಫ್ಯೂಸಿನ ಅಳತೆ ಪಂಪ್ ತಯಾರಕರು ಹೇಳಿದ್ದೇ ಆಗಿರಲಿ. ಕಸ ಸಿಕ್ಕಿ ಪಂಪಿನ ಚಕ್ರ ನಿಂತರೆ ಮೋಟಾರು ಸುಡುವ ಮುನ್ನ ಹೋಗಬೇಕಾದದ್ದು ಆ ಫ್ಯೂಸೇ.

ಸಂಚಾರ ದೀಪಗಳ ಸ್ವಿಚ್ಚಿನಲ್ಲಿ ಸ್ವಲ್ಪ ತಲೆ ಓಡಿಸಿದರೆ ಮುಂದೆ ತಲೆನೋವಿಲ್ಲ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ 20 ಮೀಟರಿಗಿಂತ ಚಿಕ್ಕ ದೋಣಿ ಹಾಯಿಯ ಮೇಲೆ ಮಾತ್ರ ಸಾಗುವಾಗ ಕೆಂಪು, ಹಸಿರು, ಬಿಳಿ ಮೂರನ್ನೂ ಕೂವೆಮರದ ತುದಿಯ ಒಂದೇ ದೀಪದಲ್ಲಿ ತೋರಿಸಬಹುದು. ಎಂಜಿನ್ ಹಾಕಿದ ಕ್ಷಣ ಅದು ಸಲ್ಲದು. ಆಗ ಕೆಳಗಿನ ಅಕ್ಕಪಕ್ಕದ ದೀಪ, ಹಿಂದಿನ ಬಿಳಿ ದೀಪ, ಜೊತೆಗೆ ಕೂವೆಮರದ ಮೇಲೆ ಮುಂದಕ್ಕೆ ಬೆಳಗುವ ಬಿಳಿ ದೀಪ ಬೇಕು. ಇವೆರಡಕ್ಕೂ ಬೇರೆ ಬೇರೆ ಸ್ವಿಚ್ ಕೊಟ್ಟರೆ ದಣಿದ ರಾತ್ರಿಯಲ್ಲಿ ಎರಡನ್ನೂ ಹತ್ತಿಸಿಕೊಂಡು ಹೋಗುವುದು ಖಂಡಿತ, ಎದುರಿನ ಹಡಗಿನವರಿಗೆ ನೀವು ಏನೆಂದೇ ತಿಳಿಯುವುದಿಲ್ಲ. ನಡುವೆ ಆಫ್, ಮೇಲೆ ಒತ್ತಿದರೆ ಹಾಯಿ, ಕೆಳಗೆ ಒತ್ತಿದರೆ ಎಂಜಿನ್ ಎಂದು ಬೀಳುವ ಒಂದೇ ಸ್ವಿಚ್ ಹಾಕಿದರೆ ಆ ತಪ್ಪು ಮಾಡಲು ಸಾಧ್ಯವೇ ಇಲ್ಲ. ರೇಡಿಯೋ ಗದ್ದಲ ಹುಡುಕುವಾಗ ದೀಪಗಳನ್ನು ಬೇರೆ ಮಾಡಬೇಕೆಂದೆನಲ್ಲ, ಅದಕ್ಕೆ ಫ್ಯೂಸ್ ಬ್ಲಾಕಿನಲ್ಲಿ ಪ್ರತಿ ದೀಪದ ಫ್ಯೂಸ್ ಬೇರೆಯಿದ್ದರೆ ಸಾಕು, ಒಂದೊಂದನ್ನೇ ಕಿತ್ತು ಕೇಳಬಹುದು. ಲಂಗರು ದೀಪ ಮಾತ್ರ ಇದರಿಂದ ದೂರ, ಪ್ಯಾನೆಲ್ಲಿನ ಇನ್ನೊಂದು ತುದಿಯಲ್ಲಿರಲಿ.

ಪ್ಯಾನೆಲ್ಲಿಗೆ ಬರುವ ಮುಖ್ಯ ತಂತಿಯನ್ನು ಹೆಚ್ಚಿನವರು ಮರೆಯುತ್ತಾರೆ. 25 ಆಂಪಿಯರ್ ಲೆಕ್ಕದಲ್ಲಿ, ಬ್ಯಾಟರಿ 2 ಮೀಟರ್ ದೂರದಲ್ಲಿದ್ದರೆ, 4 ಚದರ ಮಿಲಿಮೀಟರಿನ ತಂತಿಯಲ್ಲಿ 0.44 ವೋಲ್ಟ್ ಹೋಗುತ್ತದೆ, 3 ಪ್ರತಿಶತ ಅಲ್ಲೇ ಮುಗಿಯಿತು. 10 ಚದರ ಮಿಲಿಮೀಟರ್ ಆದರೆ 0.18 ಮಾತ್ರ. ಈ ತಂತಿಗೆ ಬ್ಯಾಟರಿಯ ಬದಿಯಲ್ಲೇ ಮುಖ್ಯ ಫ್ಯೂಸ್ ಬೇಕು; ಎಬಿವೈಸಿಯ ಲೆಕ್ಕದಲ್ಲಿ 7 ಅಂಗುಲದೊಳಗೆ, ತಂತಿ ನೇರ ಬ್ಯಾಟರಿಯ ಕಂಬಕ್ಕೇ ಸೇರಿ ಉದ್ದಕ್ಕೂ ಕೊಳವೆಯೊಳಗೆ ಹೋಗಿದ್ದರೆ 72 ಅಂಗುಲದವರೆಗೆ. ಪ್ಯಾನೆಲ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕೂ ಬ್ಯಾಟರಿಗೂ ನಡುವಿನ ತಂತಿ ಎಲ್ಲಾದರೂ ಸವೆದು ತಗುಲಿದರೆ ಕಾಯುವವರು ಬೇರೆ ಯಾರೂ ಇಲ್ಲ. ಲಿಥಿಯಂ ಬ್ಯಾಟರಿ ಹಾಕಿದವರು ಇಲ್ಲಿ ಸಾಮಾನ್ಯ ಫ್ಯೂಸ್ ಹಾಕದೆ, ಷಾರ್ಟ್ ಆದಾಗ ನುಗ್ಗುವ ಸಾವಿರಾರು ಆಂಪಿಯರನ್ನು ಕತ್ತರಿಸಬಲ್ಲ ಕ್ಲಾಸ್ ಟಿ ಬಗೆಯದನ್ನೇ ಹಾಕಬೇಕು.

ತಂತಿ ತವರ ಲೇಪಿಸಿದ ತಾಮ್ರದ್ದಾಗಿರಲಿ, ಅನೇಕ ಎಳೆಗಳದ್ದಾಗಿರಲಿ. ಲಗ್ಗುಗಳು ಉಂಗುರದವು, ಪೂರ್ತಿ ಒತ್ತುವವರೆಗೂ ಬಾಯಿ ಬಿಡದ ಕ್ರಿಂಪಿಂಗ್ ಉಪಕರಣದಿಂದ ಒತ್ತಿದವು. ಬರೀ ಬೆಸುಗೆಯನ್ನೇ ನಂಬಿದರೆ, ಬೆಸುಗೆ ಮುಗಿಯುವ ಜಾಗದಲ್ಲಿ ತಂತಿ ಗಡುಸಾಗಿ ಅಲುಗಾಟಕ್ಕೆ ಮುರಿಯುತ್ತದೆ. ಒಂದೇ ಸ್ಕ್ರೂವಿಗೆ ನಾಲ್ಕಕ್ಕಿಂತ ಹೆಚ್ಚು ಲಗ್ಗು ಪೇರಿಸಬೇಡಿ.

ಹಾಗಾದರೆ ಯಾವುದು?

ಹಗಲು ಹೊತ್ತು ಓಡಾಡುವ, ಐದಾರು ಸಲಕರಣೆಯ ದೋಣಿಗೆ ಹಿಂಭಾಗ ಗಟ್ಟಿಯಿರುವ ಸಿದ್ಧ ಪ್ಯಾನೆಲ್ ಸಾಕು. ಹಳೆಯ ಸ್ವಿಚ್ಚುಗಳು ಚೆನ್ನಾಗಿದ್ದರೆ ಅದೂ ಬೇಡ, ಫ್ಯೂಸ್ ಬ್ಲಾಕ್ ಒಂದನ್ನೇ ತನ್ನಿ. ರಾತ್ರಿಯೂ ಸಾಗುವ, ಒಂದೆರಡು ದಿನ ಹೊರಗೆ ಉಳಿಯುವ 24ರಿಂದ 30 ಅಡಿಯ ದೋಣಿಗೆ ಸ್ವಿಚ್ ಮುಂದೆ ಫ್ಯೂಸ್ ಹಿಂದೆ ಎಂಬ ಕ್ರಮವನ್ನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ವಾರಗಟ್ಟಲೆ ಹೊರಗಿರುವವರು, ಫ್ರಿಜ್ ಮತ್ತು ನೀರಿನ ಪಂಪು ದಿನವೂ ಓಡುವವರು, ಹಿಂದೆ ಆಳವೂ ಇದ್ದರೆ ಬ್ರೇಕರ್ ಪ್ಯಾನೆಲ್ಲಿಗೆ ಹೋಗಿ. ತಂತಿ ಕೆಲಸ ಮಾಡುವ ತಾಳ್ಮೆ ಇಲ್ಲದವರಿಗೂ ಅದೇ ಒಳ್ಳೆಯದು, ಸ್ವಲ್ಪ ದುಬಾರಿಯಾದರೂ.

ಕಿತ್ತುಹಾಕುವ ಮುನ್ನ ಹಿಂಭಾಗದ ಫೋಟೋ ತೆಗೆದುಕೊಳ್ಳಿ, ಪ್ರತಿ ತಂತಿಗೂ ಎರಡೂ ತುದಿಯಲ್ಲಿ ಒಂದೇ ಅಂಕಿ ಸುತ್ತಿ. ಹೆಸರು ಬರೆಯಬೇಡಿ; 'ದೀಪ' ಎಂದು ಬರೆದ ನಾಲ್ಕು ತಂತಿಗಳಿಂದ ನನಗೆ ಒಂದು ಮಧ್ಯಾಹ್ನ ಹಾಳಾಗಿದೆ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಹೊಸ ಹಲಗೆಯನ್ನು ಕೆಳಗಡೆ ಕೀಲು ಹಾಕಿ ಕೂರಿಸಿ, ಪುಸ್ತಕದಂತೆ ಮುಂದಕ್ಕೆ ತೆರೆದು ಮಲಗುವಷ್ಟು ತಂತಿ ಸಡಿಲ ಬಿಡಿ.

ಪ್ಯಾನೆಲ್ಲು ಕಂಪಾಸಿನ ಗೋಡೆಯ ಹಿಂದೆಯೇ ಬಂದರೆ ಇನ್ನೊಂದು ಪರೀಕ್ಷೆ ಉಂಟು. ಹರಿಯುವ ವಿದ್ಯುತ್ತು ಸುತ್ತಲೂ ಕಾಂತಕ್ಷೇತ್ರ ಹುಟ್ಟಿಸುತ್ತದೆ; ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಒಟ್ಟಿಗೆ ಹೆಣೆದರೆ ಒಂದರದನ್ನು ಇನ್ನೊಂದು ಅಳಿಸಿಹಾಕುತ್ತದೆ, ಬೇರೆ ಬೇರೆ ಹೋದರೆ ಕಂಪಾಸು ತಪ್ಪು ಹೇಳುತ್ತದೆ. ಕೆಲಸ ಮುಗಿದ ಸಂಜೆ ದೋಣಿಯನ್ನು ಎರಡೂ ಕಡೆ ಬಿಗಿದು ಕಟ್ಟಿ, ಕಂಪಾಸಿನ ಮೇಲೆ ಕಣ್ಣಿಟ್ಟು ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕಿದೆ. ಏಳರವರೆಗೆ ಮುಳ್ಳು ಮಿಸುಕಲಿಲ್ಲ. ಎಂಟನೆಯದು ನೀರಿನ ಪಂಪು. ಹಾಕಿದ ಕೂಡಲೇ ನಾಲ್ಕು ಡಿಗ್ರಿ ಪಕ್ಕಕ್ಕೆ ಸರಿಯಿತು. ಮರುದಿನ ಹಲಗೆ ಮತ್ತೆ ಮುಂದಕ್ಕೆ ಮಲಗಿಸಿ, ಆ ಎರಡು ತಂತಿಗಳನ್ನು ಜಡೆಯಂತೆ ಹೆಣೆದೆ.